ಖಾಲಿ ಬಿದ್ದಿದ್ದ ವರ್ಷಗಳು

ಹಳೇ ಮುಸಾಫಿರಖಾನೆ ಹೋಟೆಲಾಗುತ್ತಿದೆ ಎಂಬ ಸುದ್ದಿ ಊರಿನಲ್ಲಿ ಹಳಸುವಷ್ಟು ಹಳೆಯದಾದ ಮೇಲೆ, ಒಂದು ಬೆಳಿಗ್ಗೆ ಆ ಹೋಟೆಲಿನ ಮ್ಯಾನೇಜರು ಇತಿಹಾಸದ ಮೇಡಂ ಅವರನ್ನು ಹುಡುಕಿಕೊಂಡು ಬಂದ. ಮೇಡಂ ಬೇರೆ ಬೇರೆ ಊರುಗಳ ಹೈಸ್ಕೂಲುಗಳಲ್ಲಿ ಜೀವಮಾನವಿಡೀ ಇತಿಹಾಸ ಕಲಿಸಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಮಗಳು ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು, ಅಳಿಯ ವಕೀಲ. ಮಗಳಿಗೆ ಈ ಊರಿಗೆ ವರ್ಗವಾದಾಗ, ಬೇರೆ ಎಲ್ಲಾದರೂ ಹಾಕಿಸಿಕೊಳ್ಳಲಾಗುವುದಿಲ್ಲವೇ ಎಂದು ಮೇಡಂ ಕೇಳಿದ್ದರು. ನೀನು ಓದಿದ ಊರೇ ತಾನೇ ಅಮ್ಮ ಎಂದು ಮಗಳು ಅಚ್ಚರಿಪಟ್ಟಾಗ, ಇಲ್ಲಿಯ ನೀರು ತನಗೆ ಒಗ್ಗುವುದಿಲ್ಲ ಎಂದು ಮಾತು ತೇಲಿಸಿಬಿಟ್ಟಿದ್ದರು.

ಮ್ಯಾನೇಜರು ಇಸ್ತ್ರಿ ಕೋಟಿನ, ಸಕ್ಕರೆ ಮಾತಿನ ಮನುಷ್ಯ. ಹೋಟೆಲಿನ ಮುಂದಿನ ಹಾಲಿನಲ್ಲಿ ಒಂದು ದೊಡ್ಡ ಹಿತ್ತಾಳೆ ಫಲಕ ಹಾಕಿಸಬೇಕೆಂದಿದ್ದೇವೆ, ಕಟ್ಟಡದ ಕಥೆಯನ್ನು ತಾವೇ ಬರೆದುಕೊಡಬೇಕು, ಉದ್ಘಾಟನೆಯ ದಿನ ಅತಿಥಿಗಳನ್ನು ಸುತ್ತಾಡಿಸಿ ವಿವರಿಸಲೂಬೇಕು ಎಂದು ಕೇಳಿಕೊಂಡ. ಮೇಡಂ ಆಗುವುದಿಲ್ಲವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಮಗಳು ಚಹಾದ ತಟ್ಟೆ ಹಿಡಿದು ಒಳಗಿನಿಂದ ಬಂದು, ಅಮ್ಮನಿಗೆ ಹೊತ್ತು ಹೋಗುವುದೇ ಕಷ್ಟವಾಗಿದೆ, ಖಂಡಿತ ಬರೆಯುತ್ತಾಳೆ ಎಂದು ಒಪ್ಪಿಕೊಂಡುಬಿಟ್ಟಳು.

ಒಪ್ಪಿದ ಮೇಲೆ ಮೇಡಂ ಮೈಗಳ್ಳತನ ಮಾಡಲಿಲ್ಲ. ದಿನಾ ಲೈಬ್ರರಿಗೆ ಹೋಗಿ ಕೂತರು. ಎತ್ತಿನ ಗಾಡಿ, ಕುದುರೆ ಗಾಡಿಗಳ ಕಾಲದಲ್ಲಿ ಹೆದ್ದಾರಿಯ ವ್ಯಾಪಾರಿಗಳಿಗಾಗಿ ಕಟ್ಟಿದ ಮನೆ ಅದು. ಹೊರೆ ಹೇರಿದ ಗಾಡಿ ತಲೆ ತಗ್ಗಿಸದೆ ಒಳಗೆ ಬರುವಷ್ಟು ಎತ್ತರದ ಹೆಬ್ಬಾಗಿಲು, ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಕೆಳಗೆ ಸುತ್ತಲೂ ಕುದುರೆ ಲಾಯ, ಮೇಲೆ ಮಲಗುವ ಕೋಣೆಗಳು. ರೈಲು ಬಂದ ಮೇಲೆ ಗಾಡಿಗಳು ನಿಂತವು, ಖಾನೆಯ ಒಲೆಯೂ ಆರಿತು. ಯುದ್ಧದ ಕಾಲದಲ್ಲಿ ಗಾಯಗೊಂಡ ಸಿಪಾಯಿಗಳನ್ನು ಮೇಲಿನ ಜಗಲಿಯಲ್ಲಿ ಮಲಗಿಸಿ ಆಸ್ಪತ್ರೆ ಮಾಡಿದರು. ಆಮೇಲೆ ಜಮೀನು ನೋಂದಣಿ ಕಚೇರಿ ಬಂತು; ಪ್ರಯಾಣಿಕರು ಹಾಡು ಹೇಳುತ್ತ ಕೂರುತ್ತಿದ್ದ ಹಾಲಿನಲ್ಲಿ ಗುಮಾಸ್ತರು ಕೂತು ಕೆಮ್ಮಿದರು. ಇದನ್ನೆಲ್ಲ ಬರೆಯುವಾಗ ಮೇಡಂ ಅವರಿಗೆ ಪಾಠ ಮಾಡುವ ದಿನಗಳ ಹುರುಪು ಮರಳಿತ್ತು. ಮಗಳಿಗೂ ಮೊಮ್ಮಗಳಿಗೂ ಊಟದ ಹೊತ್ತಿನಲ್ಲಿ ಓದಿ ಹೇಳುತ್ತಿದ್ದರು. ಕಚೇರಿ ಹೊಸ ಕಟ್ಟಡಕ್ಕೆ ಹೋದಲ್ಲಿಗೆ ಬಂದಾಗ ಪೆನ್ನು ನಿಂತಿತು.

ಅಲ್ಲಿಂದ ಮುಂದಿನದನ್ನು ತಿಳಿಯಲು ಅವರಿಗೆ ಲೈಬ್ರರಿ ಬೇಕಿರಲಿಲ್ಲ.

ಆ ವರ್ಷ ಹೊಳೆ ಉಕ್ಕಿ ಕೆಳಕೇರಿಯ ಮನೆಗಳೆಲ್ಲ ಕೊಚ್ಚಿಹೋಗಿದ್ದವು. ಮನೆ ಕಳೆದುಕೊಂಡವರನ್ನು ಸರ್ಕಾರ ತಂದು ಖಾನೆಯ ಲಾಯದಲ್ಲಿ ಇಳಿಸಿತು. ಕೆಲವೇ ವಾರ ಎಂದರು; ವಾರಗಳು ವರ್ಷಗಳಾದವು. ಒಂದು ಕುದುರೆ ನಿಲ್ಲುವ ಜಾಗದಲ್ಲಿ ಒಂದು ಸಂಸಾರ. ನಡುವೆ ಗೋಡೆಯಿಲ್ಲ, ಹಗ್ಗಕ್ಕೆ ತೂಗುಹಾಕಿದ ಹಳೇ ಬೆಡ್‌ಶೀಟು. ಆಚೆ ಮನೆಯಲ್ಲಿ ಸೀನಿದರೆ ಈಚೆ ಮನೆಯ ಮಗು ಎದ್ದು ಅಳುತ್ತಿತ್ತು. ಬಾಡಿಗೆಯಿಲ್ಲದ ಮನೆಯಾದ್ದರಿಂದ ಊರಿನವರು ಅದಕ್ಕೆ ಬಿಟ್ಟಿಮನೆ ಎಂದು ಹೆಸರಿಟ್ಟರು. ಅಲ್ಲಿದ್ದವರೆಲ್ಲ ಬಿಟ್ಟಿಮನೆಯವರಾದರು. ಮೇಡಂ ಅವರ ಅಪ್ಪ ಗೋಡೌನಿನ ಕಾವಲುಗಾರ, ಅಮ್ಮ ನಾಲ್ಕಾರು ಮನೆಗಳ ನೆಲ ಒರೆಸುತ್ತಿದ್ದಳು. ಬೆಡ್‌ಶೀಟಿನ ಆಚೆ ಒಬ್ಬ ವಿಧವೆ ಮತ್ತು ಅವಳ ಮಗಳು. ಇಬ್ಬರು ಹುಡುಗಿಯರೂ ಒಂದೇ ವಯಸ್ಸಿನವರು. ಒಬ್ಬಳು ಕಡ್ಡಿಯ ಹಾಗಿದ್ದಳು, ಇನ್ನೊಬ್ಬಳು ಬಾಯಿ ಮುಚ್ಚುತ್ತಿರಲಿಲ್ಲ. ಹಾಗಾಗಿ ಮೇಡಂ ಕಡ್ಡಿ, ವಿಧವೆಯ ಮಗಳು ಗುಬ್ಬಿ. ಗುಬ್ಬಿಯ ಅಮ್ಮನನ್ನು ಕಡ್ಡಿ ದೊಡ್ಡಮ್ಮ ಎಂದೇ ಕರೆಯುತ್ತಿದ್ದಳು. ಅಮ್ಮ ಕೆಲಸಕ್ಕೆ ಹೋದರೆ ತಲೆ ಬಾಚಿ ಸ್ಕೂಲಿಗೆ ಕಳಿಸುತ್ತಿದ್ದವಳು ದೊಡ್ಡಮ್ಮನೇ. ಚಳಿಗಾಲದಲ್ಲಿ ತನ್ನ ಒಂದೇ ಕಂಬಳಿಯಲ್ಲಿ ಇಬ್ಬರು ಹುಡುಗಿಯರನ್ನೂ ಸುತ್ತಿ, ತಾನು ಗೋಣಿ ಹೊದ್ದು ಮಲಗುತ್ತಿದ್ದಳು.

ಸ್ಕೂಲಿನಲ್ಲಿ ಮಾತ್ರ ಕಡ್ಡಿಗೆ ನರಕ. ಅವಳ ಲಂಗಕ್ಕೆ ಸೀಮೆಎಣ್ಣೆ ಸ್ಟೌವಿನ ವಾಸನೆಯಿದೆ ಎಂದು ಪಕ್ಕದವಳು ಬೆಂಚು ಬದಲಿಸಿದ್ದಳು. ಸಂಜೆ ಜೊತೆಯವರು ಕಣ್ಮರೆಯಾಗುವ ತನಕ ಅಂಚೆ ಕಚೇರಿಯ ಹಿಂದೆ ನಿಂತಿದ್ದು, ಆಮೇಲೆ ಹಿಂಬಾಗಿಲಿಂದ ಖಾನೆಗೆ ನುಸುಳುವುದನ್ನು ಕಲಿತಳು. ಗುಬ್ಬಿ ಹೆಬ್ಬಾಗಿಲಿನಿಂದಲೇ ಹೋಗುತ್ತಿದ್ದಳು. ನಮ್ಮನೆ ಬಾಗಿಲಷ್ಟು ದೊಡ್ಡ ಬಾಗಿಲು ನಿಮ್ಮ ಯಾರ ಮನೆಗೂ ಇಲ್ಲ ಎಂದು ಜೊತೆಯವರಿಗೇ ಹೇಳಿ ಬರುತ್ತಿದ್ದಳು. ಹೈಸ್ಕೂಲು ಮುಗಿಯುವಾಗ ಅಪ್ಪನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಮದುವೆಯ ಮಾತುಕತೆಯಲ್ಲಿ ಬೀಗರು ಹಳೆಯ ಮನೆ ಎಲ್ಲಿತ್ತು ಎಂದು ಕೇಳಿದಾಗ, ಮಾರ್ಕೆಟ್ಟಿನ ಹತ್ತಿರ ಎಂದು ಅಪ್ಪನೇ ಹೇಳಿದ. ಅಂದಿನಿಂದ ಅದೇ ಉತ್ತರ. ಗಂಡನಿಗೂ ಅದೇ, ಮಗಳಿಗೂ ಅದೇ.

ಮೇಡಂ ಆ ಜಾಗದಲ್ಲಿ ಹೀಗೆ ಬರೆದರು: ‘ಆನಂತರ ಕೆಲವು ವರ್ಷ ಕಟ್ಟಡವು ಖಾಲಿ ಬಿದ್ದಿತ್ತು.’ ಮುಂದೆ ಕಾಗದದ ಗೋಡೌನು, ಬಾವಲಿಗಳು, ಈಗಿನ ಮಾಲೀಕರು. ಮ್ಯಾನೇಜರು ಓದಿ ಖುಷಿಪಟ್ಟು, ಇಲ್ಲಿ ಯಾರೋ ನಿರಾಶ್ರಿತರು ಇದ್ದರೆಂದು ಪೇಂಟರು ಹೇಳುತ್ತಿದ್ದ, ಹೌದೇ ಎಂದು ಸುಮ್ಮನೆ ವಿಚಾರಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಡಂ ಸೆರಗು ಸರಿಮಾಡಿಕೊಂಡರು. ಅಂಥದ್ದಕ್ಕೆ ದಾಖಲೆ ಸಿಕ್ಕಲಿಲ್ಲ ಎಂದರು. ಅದೂ ಸುಳ್ಳೇ, ಅವರು ಹುಡುಕಿರಲಿಲ್ಲ.

ಉದ್ಘಾಟನೆಯ ದಿನ ಹೆಬ್ಬಾಗಿಲಿಗೆ ಹೂವಿನ ಅಲಂಕಾರ ಮಾಡಿದ್ದರು. ನಗರಾಧ್ಯಕ್ಷರು ಬಂದಿದ್ದರು, ವ್ಯಾಪಾರಿಗಳು, ವಕೀಲರು, ಡಾಕ್ಟರುಗಳು ಬಂದಿದ್ದರು. ಮಗಳು, ಅಳಿಯ, ಅಳಿಯನ ಅಮ್ಮ, ಮೊಮ್ಮಗಳು ಮುಂದಿನ ಸಾಲಿನಲ್ಲೇ ಇದ್ದರು. ಮೇಡಂ ಒಳ್ಳೆಯ ಮಾತುಗಾರ್ತಿ. ಬಾವಿಯ ಹತ್ತಿರ ನಗಿಸಿದರು, ಸಿಪಾಯಿಗಳ ಜಗಲಿಯಲ್ಲಿ ಎಲ್ಲರನ್ನೂ ಸುಮ್ಮನಾಗಿಸಿದರು. ಕೊನೆಗೆ ಲಾಯಕ್ಕೆ ಬಂದರು. ಅದೀಗ ಊಟದ ಹಾಲು. ಗೋಡೆಗೆ ಸುಣ್ಣದ ಬಣ್ಣ, ಪ್ರತಿ ಕುದುರೆಯ ಜಾಗದಲ್ಲೂ ಒಂದೊಂದು ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ.

ಮೇಜುಗಳಿಗೆ ಬ್ರೆಡ್ಡಿನ ಬುಟ್ಟಿ ಇಡಿಸುತ್ತ ಒಬ್ಬ ದಪ್ಪನೆಯ ಹೆಂಗಸು ನಿಂತಿದ್ದಳು. ಊರಿನ ದೊಡ್ಡ ಬೇಕರಿಯ ಯಜಮಾನಿ. ಮೂರು ಕಡೆ ಅಂಗಡಿ, ಎರಡು ವ್ಯಾನು, ಬಾಯಿ ತೆರೆದರೆ ರಸ್ತೆಯ ಆ ತುದಿಗೆ ಕೇಳಬೇಕು. ಈ ಊರಿಗೆ ಬಂದ ಮೊದಲ ವಾರದಲ್ಲೇ ಮೇಡಂ ಅವಳನ್ನು ಗಲ್ಲಾದ ಹಿಂದೆ ನೋಡಿ ಗುರುತು ಹಿಡಿದಿದ್ದರು. ಅಂದಿನಿಂದ ಆ ಫುಟ್‌ಪಾತನ್ನೇ ಬಿಟ್ಟಿದ್ದರು. ಮನೆಗೆ ಬ್ರೆಡ್ಡು ದೂರದ ಅಂಗಡಿಯಿಂದ ಬರುತ್ತಿತ್ತು.

ಬೇಕರಿಯಾಕೆ ತಲೆಯೆತ್ತಿ ನೋಡಿದಳು. ಕಣ್ಣು ಕಿರಿದು ಮಾಡಿದಳು. ಆಮೇಲೆ ಮುಖವೆಲ್ಲ ನಗುವಾಯಿತು.

“ಏ ಕಡ್ಡಿ, ನೀನೇನೇ? ನಾನು ಗುಬ್ಬಿ ಕಣೇ. ಈಗ ಹೆಬ್ಬಾತು ಆಗಿದೀನಿ, ಅದಕ್ಕೇ ಗುರುತು ಸಿಗ್ತಿಲ್ಲ ನಿಂಗೆ” ಎನ್ನುತ್ತ ಹಿಟ್ಟಿನ ಕೈ ಒರೆಸಿಕೊಂಡು ಹತ್ತಿರ ಬಂದಳು.

ಮೇಡಂ ಅವರ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಅಳಿಯನ ಅಮ್ಮನೂ ನಿಂತಿದ್ದರು, ನಗರಾಧ್ಯಕ್ಷರು ಕುತೂಹಲದಿಂದ ನೋಡುತ್ತಿದ್ದರು.

“ನಿಮಗೆ ಬೇರೆ ಯಾರೋ ಅನ್ನಿಸಿರ್ಬೇಕು” ಎಂದರು ಮೇಡಂ. ಗಲಾಟೆ ಮಾಡುವ ಮಕ್ಕಳ ಅಪ್ಪ ಅಮ್ಮಂದಿರ ಹತ್ತಿರ ಮಾತಾಡುತ್ತಿದ್ದ ದನಿ ಅದು.

ಬೇಕರಿಯಾಕೆ ನಿಂತಲ್ಲೇ ನಿಂತಳು. ಅವಳ ನಗು ಒಮ್ಮೆಲೇ ಹೋಗಲಿಲ್ಲ, ಮೆಲ್ಲಗೆ ಇಳಿಯಿತು. ಮೇಡಂ ಅವರ ರೇಷ್ಮೆ ಸೀರೆ, ಹಿಂದಿನ ಜನ, ಮಗಳು, ಮೊಮ್ಮಗಳು ಎಲ್ಲವನ್ನೂ ನೋಡಿದಳು. ಏನೋ ಅರ್ಥವಾದ ಹಾಗೆ ತಲೆಯಾಡಿಸಿ, ಹೌದು ಹೌದು, ಕನ್ನಡಕ ಅಂಗಡಿಯಲ್ಲೇ ಮರೆತೆ, ತಪ್ಪು ತಿಳಿಯಬೇಡಿ ಎಂದಳು. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಮ್ಯಾನೇಜರು, ಅತಿಥಿಗಳಿಗೆ ರಂಜನೆಯಾಗಲೆಂದು, ಹಾಗಾದರೆ ನೀವು ಇಲ್ಲಿ ಮೊದಲು ಬಂದಿದ್ದಿರಾ ಎಂದು ಅವಳನ್ನು ಕೇಳಿದ.

“ಬರೋದೇನು ಸ್ವಾಮಿ, ಇಲ್ಲೇ ಬೆಳೆದೋಳು. ಹೊಳೆ ಬಂದಾಗ ನಮ್ಮನ್ನೆಲ್ಲ ಇಲ್ಲೇ ತಂದು ಹಾಕಿದ್ರು” ಎಂದಳು ಬೇಕರಿಯಾಕೆ, ನೇರವಾಗಿ.

ಮ್ಯಾನೇಜರು ಪೆಚ್ಚಾಗಿ ಮೇಡಂ ಕಡೆ ತಿರುಗಿದ. ಫಲಕದಲ್ಲಿ ಬೇರೆ ಇದೆಯಲ್ಲ ಎಂದ. ಎಲ್ಲರೂ ತಿರುಗಿದರು. ಮೇಡಂ, ಕೆಲವರ ನೆನಪಿನಲ್ಲಿ ಒಂದು ಕಟ್ಟಡದೊಂದಿಗೆ ಇನ್ನೊಂದು ಬೆರೆತುಹೋಗುವುದು ಸಹಜ, ತಾನು ಆಧಾರವಿದ್ದದ್ದನ್ನು ಮಾತ್ರ ಬರೆದಿದ್ದೇನೆ ಎಂದು ಹೇಳಿದರು. ಯಾರೋ ಕಿಸಕ್ಕೆಂದರು. ಬ್ರೆಡ್ಡಿನ ಜೊತೆ ಕಥೆಯೂ ಉಬ್ಬಿದೆ ಎಂದು ಒಬ್ಬ ವಕೀಲ ಪಿಸುಗುಟ್ಟಿದ. ಬೇಕರಿಯಾಕೆ ಉಳಿದ ಬುಟ್ಟಿಗಳನ್ನು ತಾನೇ ಮೇಜಿಗೆ ಇಟ್ಟು, ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಹೊರಟುಹೋದಳು.

ಆ ಮಧ್ಯಾಹ್ನ ಊಟದ ಹೊತ್ತಿಗೆ ಮೇಡಂ ಅವರನ್ನು ಎಲ್ಲರೂ ಬಂದು ಕೈಮುಗಿದು ಹೊಗಳಿದರು. ಒಂದೊಂದು ಹೊಗಳಿಕೆಯೂ ಕೆನ್ನೆಗೆ ಹೊಡೆದ ಹಾಗಿತ್ತು. ಅವಳು ಬಯಲು ಮಾಡಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವಳು ಮುಚ್ಚಿದಳು, ಕನ್ನಡಕದ ನೆಪ ಹೇಳಿ ಮೇಡಂ ಅವರ ಮಾನ ಕಾಪಾಡಿದಳು. ಅದಕ್ಕೆ ಪ್ರತಿಯಾಗಿ ತಾನು ಅವಳನ್ನು ನಾಲ್ಕು ಜನರೆದುರು ಸುಳ್ಳಿ ಮಾಡಿದೆ. ಮನೆಗೆ ಹೋಗುವಾಗ ಮಗಳು ಕಾರಿನ ಕನ್ನಡಿಯಲ್ಲಿ ಒಂದೆರಡು ಸಲ ನೋಡಿದಳು, ಅಷ್ಟೇ.

ಮರುದಿನ ಬೆಳಿಗ್ಗೆ ಮೇಡಂ ಬೇಕರಿಗೆ ಹೋದರು. ಗಿರಾಕಿಗಳ ಸಾಲಿತ್ತು, ಸಾಲಿನಲ್ಲೇ ನಿಂತರು. ಒಳಗೆ ಒಲೆಯ ಕಾವು, ಸುಟ್ಟ ಹಿಟ್ಟಿನ ಘಮ. ಸರದಿ ಬಂದಾಗ ಬೇಕರಿಯಾಕೆ ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ, “ಏನು ಕೊಡ್ಲಿ ಮೇಡಂ?” ಎಂದು ಕೇಳಿದಳು.

ಮೇಡಂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತೆಲ್ಲ ಆ ‘ಮೇಡಂ’ ಎಂಬ ಮಾತಿಗೆ ಮರೆತುಹೋಯಿತು. ತಪ್ಪಾಯಿತು, ಮಗಳ ಅತ್ತೆ ಇದ್ದರು, ಬಾಯಿಗೆ ಹಾಗೆ ಬಂದುಬಿಟ್ಟಿತು ಎಂದು ತೊದಲಿದರು. ಹಿಂದಿನವರು ಕತ್ತು ಉದ್ದ ಮಾಡಿದರು. ಬೇಕರಿಯಾಕೆ ಗಲ್ಲಾವನ್ನು ಸೊಸೆಗೆ ಒಪ್ಪಿಸಿ, ಮೇಡಂ ಅವರನ್ನು ಒಳಗೆ ಹಿಟ್ಟಿನ ಮೂಟೆಗಳ ಕೋಣೆಗೆ ಕರೆದುಕೊಂಡು ಹೋದಳು. ಸ್ಟೂಲು ಎಳೆದುಕೊಟ್ಟಳು. ತಾನು ನಿಂತೇ ಇದ್ದಳು.

“ಗುರುತಿಲ್ಲ ಅಂದ್ರಲ್ಲ, ಅದಕ್ಕೆ ನಂಗೇನೂ ಬೇಜಾರಿಲ್ಲ” ಎಂದಳು. “ನಿಮ್ಮ ಕಷ್ಟ ನಿಮಗೆ. ಆದ್ರೆ ನೀವು ಹೊರಟ ಮೇಲೆ ನಮ್ಮಮ್ಮ ಅಲ್ಲೇ ಸತ್ತಳು. ಆ ಚಳಿಗಾಲ, ಆ ಲಾಯದಲ್ಲೇ. ನಿನ್ನೆ ಹೊರಗೆ ಹೋಗ್ತಾ ನಿಮ್ಮ ಫಲಕ ಓದಿದೆ. ಖಾಲಿ ಬಿದ್ದಿದ್ದ ಮನೇಲಿ ನಮ್ಮಮ್ಮ ಹೆಂಗ್ ಸತ್ತಳು ಮೇಡಂ?”

ದೊಡ್ಡಮ್ಮ ಸತ್ತದ್ದು ಮೇಡಂ ಅವರಿಗೆ ಗೊತ್ತಿರಲಿಲ್ಲ. ಊರು ಬಿಟ್ಟ ಮೇಲೆ ಅವರು ಒಂದು ಸಲವೂ ವಿಚಾರಿಸಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಳು ಬಂದರೆ ಅದೂ ತನ್ನ ಮೇಲಿನ ಕರುಣೆಯಾದೀತೆಂದು ತುಟಿ ಕಚ್ಚಿ ಕೂತರು. ಫಲಕ ಬದಲಾಯಿಸುತ್ತೇನೆ ಎಂದಷ್ಟೇ ಹೇಳಲು ಸಾಧ್ಯವಾಯಿತು. ಬೇಕರಿಯಾಕೆ, ನಿಮ್ಮಿಷ್ಟ ಎಂದಳು. ಹೊರಡುವಾಗ ಒಂದು ಬ್ರೆಡ್ಡು ಸುತ್ತಿಕೊಟ್ಟಳು. ಹಣ ಕೊಟ್ಟಾಗ ಬೇಡವೆನ್ನದೆ ತೆಗೆದುಕೊಂಡಳು. ಬೇಡವೆಂದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಮೇಡಂ ಅವರಿಗೆ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಆ ಸಂಜೆ ಮಗಳು ಆಸ್ಪತ್ರೆಯಿಂದ ಬಂದ ಮೇಲೆ, ಅಡಿಗೆಮನೆಯಲ್ಲಿ ನಿಂತುಕೊಂಡೇ ಮೇಡಂ ಎಲ್ಲವನ್ನೂ ಹೇಳಿದರು. ಲಾಯ, ಬೆಡ್‌ಶೀಟು, ನೆಲ ಒರೆಸುವ ಅಜ್ಜಿ, ಮಾರ್ಕೆಟ್ಟಿನ ಹತ್ತಿರವಿಲ್ಲದ ಮನೆ. ಮಗಳು ಬಿಟ್ಟಿಮನೆಯ ಮಾತಿಗೆ ಗಾಬರಿಯಾಗಲಿಲ್ಲ. ಅಜ್ಜಿಯ ಕೈ ಯಾಕೆ ಅಷ್ಟು ಒರಟಾಗಿದೆ ಎಂದು ತಾನು ಚಿಕ್ಕವಳಿದ್ದಾಗ ಕೇಳಿದ್ದೆ, ನೀನು ತೋಟದ ಕೆಲಸ ಎಂದಿದ್ದೆ ಎಂದು ನೆನಪಿಸಿದಳು. ಆಮೇಲೆ ಹೇಳಿದಳು:

“ನೀನು ಅಲ್ಲಿದ್ದೆ ಅನ್ನೋದಕ್ಕೆ ನನಗೆ ನಾಚಿಕೆ ಇಲ್ಲಮ್ಮ. ನಿನ್ನೆ ಆಕೆ ತಟ್ಟೆ ಎತ್ಕೊಂಡು ಹೋದ್ರಲ್ಲ, ಆಗ ಆಯ್ತು. ಏನೋ ಇದೆ ಅಂತ ನಂಗೆ ಗೊತ್ತಾಗಿತ್ತು. ನಾನೂ ಸುಮ್ನೆ ನಿಂತಿದ್ದೆ.”

ಅದುವರೆಗೂ ಮೇಡಂ ತಮ್ಮ ನಾಚಿಕೆ ತಮ್ಮೊಬ್ಬರದೇ ಎಂದುಕೊಂಡಿದ್ದರು. ಈಗ ಅದು ಮಗಳ ಮೈಗೂ ಅಂಟಿದೆ ಎಂದು ತಿಳಿದು ಇನ್ನಷ್ಟು ಕುಗ್ಗಿದರು.

ಮ್ಯಾನೇಜರನ ಮುಂದೆ ಕೂತು ತಾನು ಬರೆದದ್ದು ಸುಳ್ಳು, ತಾನೇ ಅಲ್ಲಿದ್ದವಳು ಎಂದು ಹೇಳುವುದು ಮಗಳಿಗೆ ಹೇಳಿದಷ್ಟು ಸುಲಭವಾಗಲಿಲ್ಲ. ಅವನು ಎದ್ದು ಕೋಣೆಯ ಬಾಗಿಲು ಹಾಕಿಬಂದ. ಸಿಪಾಯಿಗಳ ಆಸ್ಪತ್ರೆ ಆದರೆ ಜನ ಇಷ್ಟಪಡುತ್ತಾರೆ, ಹಳೆಯ ಕಾಲದ ಮಾತು. ಇದು ಹಾಗಲ್ಲ, ಬಿಳಿ ಬಟ್ಟೆಯ ಮೇಜಿಗೆ ಕೂತವರಿಗೆ ಇಲ್ಲಿ ಬಡವರು ಚಳಿಗೆ ಸತ್ತರು ಎಂದರೆ ತುತ್ತು ಇಳಿಯುತ್ತದೆಯೇ, ಮಾಲೀಕರು ಒಪ್ಪುವುದಿಲ್ಲ ಎಂದ. ಮೇಡಂ ಮತ್ತೆ ಮತ್ತೆ ಹೋದರು. ಒಮ್ಮೆ ಮಗಳೂ ಜೊತೆಗೆ ಹೋದಳು. ಸುಳ್ಳೆಂದು ಗೊತ್ತಿದ್ದೂ ತನ್ನ ಹೆಸರಿನಲ್ಲಿ ಅದನ್ನು ಉಳಿಸಿದರೆ ಪತ್ರಿಕೆಗೆ ಬರೆಯುವುದಾಗಿ ಮೇಡಂ ಹೇಳಿದ ಮೇಲೆ, ಅತ್ತ ದರಿ ಇತ್ತ ಪುಲಿ ಎಂಬಂತಾಗಿ ಅವನು ಒಂದು ನಡುದಾರಿ ಹುಡುಕಿದ. ಸುಳ್ಳಿನ ಸಾಲನ್ನು ಉಜ್ಜಿ ಅಳಿಸಿದರು. ಅದರ ಜಾಗದಲ್ಲಿ ನಿಜದ ಸಾಲು ಬರಲಿಲ್ಲ. ಕಚೇರಿಗೂ ಗೋಡೌನಿಗೂ ನಡುವೆ ಹಿತ್ತಾಳೆ ಬೋಳಾಗಿ ಹೊಳೆಯುತ್ತಿದೆ. ಬೇಕಾದರೆ ಭಾನುವಾರಗಳಂದು, ಊಟದ ಹೊತ್ತು ಕಳೆದ ಮೇಲೆ, ಕೇಳಬಯಸುವವರಿಗೆ ಬಾಯಿಮಾತಿನಲ್ಲಿ ಹೇಳಿಕೊಳ್ಳಿ ಎಂದ ಮ್ಯಾನೇಜರು.

ಮೇಡಂ ಅದಕ್ಕೇ ಒಪ್ಪಿದರು. ಮೊದಲ ಭಾನುವಾರ ಬಂದವರು ಬೆರಳೆಣಿಕೆಯ ಜನ. ಲಾಯದಲ್ಲಿ ನಿಂತು ‘ಇಲ್ಲಿ ನಮ್ಮ ಮನೆಯಿತ್ತು’ ಎನ್ನುವಾಗ ಅವರ ದನಿ ನಡುಗಿತು, ಮುಖ ಕೆಂಪಾಯಿತು. ಆಮೇಲೆ ದನಿ ನಡುಗುವುದು ನಿಂತಿತು. ಮುಖ ಬಿಸಿಯಾಗುವುದು ಮಾತ್ರ ನಿಲ್ಲಲಿಲ್ಲ. ದೊಡ್ಡಮ್ಮನ ವಿಷಯವನ್ನೂ ಹೇಳುತ್ತಿದ್ದರು. ತಾನು ಅದನ್ನು ಮೊದಲು ಬಚ್ಚಿಟ್ಟದ್ದನ್ನೂ ಹೇಳುತ್ತಿದ್ದರು. ಒಮ್ಮೆ ಬೇಕರಿಯಾಕೆ ಬಂದು ಬಾಗಿಲ ಹತ್ತಿರ ನಿಂತು ಕೇಳಿದಳು. ಎಲ್ಲ ಮುಗಿದ ಮೇಲೆ, ನಮ್ಮಮ್ಮ ಸತ್ತ ಮೂಲೆ ಅದಲ್ಲ ಮೇಡಂ, ಇದು ಎಂದು ತೋರಿಸಿ ಹೋದಳು. ಮುಂದಿನ ವಾರದಿಂದ ಮೇಡಂ ಆ ಮೂಲೆಯನ್ನೇ ತೋರಿಸಿದರು.

ಅಂಥ ಒಂದು ಭಾನುವಾರ ಗುಂಪಿನಲ್ಲಿ ಒಬ್ಬ ವಯಸ್ಸಾದ ಮನುಷ್ಯನಿದ್ದ. ಒಳ್ಳೆಯ ಸೂಟು, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು, ಜೊತೆಗೆ ಹೆಂಡತಿ, ಮಗ, ಸೊಸೆ. ಮೇಡಂ ಮಾತಾಡುವಷ್ಟು ಹೊತ್ತೂ ಅವನು ನೆಲ ನೋಡುತ್ತಿದ್ದ. ಪಾಪ, ಹೇಗಿದ್ದಿರಬೇಕು ಈ ಜನ ಎಂದು ಅವನ ಸೊಸೆ ಮರುಗಿದಳು. ಎಲ್ಲರೂ ಅಂಗಳಕ್ಕೆ ಹೋದರು. ಅವನು ಶೂ ದಾರ ಕಟ್ಟಿಕೊಳ್ಳುವ ನೆಪದಲ್ಲಿ ಹಿಂದುಳಿದು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

“ನಾವು ಆ ಬಾವಿ ಕಡೆ ಮೂಲೇಲಿದ್ವಿ. ನಿಮಗೆ ನೆನಪಿರಲಿಕ್ಕಿಲ್ಲ, ನಾನು ತುಂಬ ಚಿಕ್ಕವನು” ಎಂದ. ಆಮೇಲೆ, “ಮನೆಯವರಿಗೆ ಗೊತ್ತಿಲ್ಲ. ದಯವಿಟ್ಟು ಹೇಳಬೇಡಿ.”

ಮೇಡಂ ಅವರಿಗೆ ಹೇಳಲು ಏನೇನೋ ಇತ್ತು. ಹೇಳಿಬಿಡಿ, ಹಗುರಾಗುತ್ತದೆ ಎನ್ನಬಹುದಿತ್ತು. ತಮಗೇ ಅಷ್ಟೇನೂ ಹಗುರಾಗಿರಲಿಲ್ಲ. “ಹೇಳಲ್ಲ” ಎಂದರು. ಅವನು ಕೈಮುಗಿದ. ಅಂಗಳದಿಂದ ಅವನ ಹೆಂಡತಿ ಕರೆದಳು. ಅವನು ತಾನು ಬೆಳೆದ ಮೂಲೆಯ ಕಡೆ ಮುಖವನ್ನೂ ತಿರುಗಿಸದೆ, ಕೋಲೂರುತ್ತ ಹೆಬ್ಬಾಗಿಲಿನಿಂದ ಹೊರಗೆ ಹೋದ. ಮೇಡಂ ಅವನು ಹೋದ ಮೇಲೆ ಅವನ ಪರವಾಗಿ ಎಂಬಂತೆ ಆ ಮೂಲೆಗೆ ಹೋಗಿ, ಅಲ್ಲಿದ್ದ ಮೇಜಿನ ಹತ್ತಿರ ಸ್ವಲ್ಪ ಹೊತ್ತು ನಿಂತರು.